ಕೋಟೆಯ ಎದುರಿನ ಬಿಡಾರ

ಕಾವೇರಿ ನದಿಯು ಶ್ರೀರಂಗಪಟ್ಟಣದ ಪಶ್ಚಿಮದಲ್ಲಿ ಎರಡಾಗಿ ಕವಲೊಡೆದು, ಸುಮಾರು ಮೂರು ಮೈಲಿ ಉದ್ದ ಒಂದು ಮೈಲಿ ಅಗಲದ ನೆಲವನ್ನು ಬಳಸಿಕೊಂಡು, ಪೂರ್ವದಲ್ಲಿ ಸಂಗಮವೆಂಬ ಸ್ಥಳದಲ್ಲಿ ಮತ್ತೆ ಒಂದಾಗಿ ಮುಂದೆ ಹರಿಯುತ್ತದೆ. ಹೀಗೆ ಉಂಟಾದ ದ್ವೀಪದ ಪಶ್ಚಿಮದ ತುದಿಯಲ್ಲಿ ಶ್ರೀರಂಗನಾಥಸ್ವಾಮಿಯ ಗುಡಿಯೂ ಅದನ್ನು ಸುತ್ತುವರಿದ ಕೋಟೆಯೂ ಇವೆ. ನಾಗಮಂಗಲದ ತಿಮ್ಮಣ್ಣನೆಂಬ ಹೆಬ್ಬಾರನು ವಿಜಯನಗರಕ್ಕೆ ಹೋಗಿ, ದಣಾಯಕ ಪದವಿಯನ್ನೂ ಕೋಟೆ ಕಟ್ಟುವ ಅಪ್ಪಣೆಯನ್ನೂ ಪಡೆದು ಬಂದು, ೧೪೫೪ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಪರಂಪರೆಯ ಹೇಳಿಕೆ. ೧೬೧೦ರಲ್ಲಿ ರಾಜ ಒಡೆಯರು ಇದನ್ನು ವಶಪಡಿಸಿಕೊಂಡ ಮೇಲೆ ಇದು ಮೈಸೂರು ಅರಸರ ರಾಜಧಾನಿಯಾಯಿತು. ಆಮೇಲೆ ಆಳಿದವರೆಲ್ಲರೂ ಗೋಡೆಯ ಮೇಲೆ ಗೋಡೆ, ಕಂದಕದ ಆಚೆ ಕಂದಕ ಎಂದು ಇದನ್ನು ಬಲಪಡಿಸುತ್ತಲೇ ಹೋದರು. ಆದರೆ ಈ ಕೋಟೆಯ ಮೊದಲ ಗೋಡೆಯನ್ನು ಯಾವ ಅರಸನೂ ಕಟ್ಟಿಸಲಿಲ್ಲ. ಅದು ನದಿಯೇ ಆಗಿತ್ತು.

ಕೋಟೆಯನ್ನು ನೋಡಲು ಬರುವವರು ಬುರುಜುಗಳನ್ನೂ ಬತೇರಿಗಳನ್ನೂ ನೋಡಿ, ಒಳಗಿದ್ದವರು ಹೇಗೆ ಕಾದಾಡಿದರೆಂಬುದನ್ನು ಊಹಿಸಿಕೊಳ್ಳುತ್ತಾರೆ. ಹೊರಗಿದ್ದವರ ಪಾಡು ಅಷ್ಟಾಗಿ ಯಾರ ಮನಸ್ಸಿಗೂ ಬರುವುದಿಲ್ಲ. ಕೋಟೆಯನ್ನು ಮುತ್ತಲು ಬಂದ ದಂಡು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಹೊಳೆಯ ಆಚೆಯ ದಡದಲ್ಲಿ ಡೇರೆ ಹೂಡಿಕೊಂಡು ಇರಬೇಕಾಗಿತ್ತು. ಒಳಗಿನವರಿಗೆ ಮನೆಯಿತ್ತು, ಕಣಜವಿತ್ತು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಬಂಗಾರದೊಡ್ಡಿ ನಾಲೆಯ ನೀರು ಹೊಳೆಯನ್ನು ದಾಟಿ ದ್ವೀಪದೊಳಕ್ಕೇ ಹರಿದು ಬರುತ್ತಿತ್ತು. ಹೊರಗಿನವರಿಗೆ ಇದ್ದುದು ಬಯಲು ಮಾತ್ರ. ಕುಡಿಯುವ ನೀರು, ದನಗಳ ಮೇವು, ಒಲೆಯ ಸೌದೆ, ತಲೆಯ ಮೇಲಿನ ನೆರಳು ಎಲ್ಲವನ್ನೂ ಅವರು ಹೊಂಚಿಕೊಳ್ಳಬೇಕಾಗಿತ್ತು. ಈ ಕೋಟೆಯ ಮುತ್ತಿಗೆಗಳಲ್ಲಿ ಎಷ್ಟೋ ವೇಳೆ ಸೋಲುಗೆಲುವುಗಳನ್ನು ತೀರ್ಮಾನಿಸಿದ್ದು ಕತ್ತಿಯಲ್ಲ, ಫಿರಂಗಿಯೂ ಅಲ್ಲ. ಬಿಡಾರದ ಈ ಸಾಮಾನ್ಯ ಸಂಗತಿಗಳೇ.

ಮುತ್ತಿದವರ ಪಟ್ಟಿ ದೊಡ್ಡದು. ೧೬೩೮ರ ಹೊತ್ತಿಗೆ ಬಿಜಾಪುರದ ರಣದುಲ್ಲಾಖಾನನು ಬಂದು ಹಿಂದಿರುಗಿದನು. ಹದಿನೆಂಟನೆಯ ಶತಮಾನದಲ್ಲಿ ಮರಾಠರು ಹಲವು ಸಲ ಬಂದರು. ೧೭೭೧ರಲ್ಲಿ ಮೇಲುಕೋಟೆಯ ಬೆಟ್ಟಗಳಿಂದ ಹಿಂದೆಗೆಯುತ್ತಿದ್ದ ಹೈದರಾಲಿಯ ಸೈನ್ಯವನ್ನು ಅವರು ಚಿನಕುರಳಿಯ ಬಳಿ ಸೋಲಿಸಿ, ಅನಂತರ ಪಟ್ಟಣವನ್ನು ಸುತ್ತುಗಟ್ಟಿದರು. ಆದರೂ ಕೋಟೆ ಅವರ ಕೈಸೇರಲಿಲ್ಲ. ಇವೆಲ್ಲಕ್ಕಿಂತಲೂ ವಿವರವಾಗಿ ತಿಳಿದಿರುವುದು ೧೭೯೧ರ ಮೇ ತಿಂಗಳಿನ ಕಥೆ.

ಆ ವರ್ಷ ಇಂಗ್ಲಿಷರ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದು, ಮೇ ಮೊದಲಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹೊರಟನು. ನೇರವಾದ ದಾರಿಗಳಲ್ಲಿ ಸಿಕ್ಕುವ ಹುಲ್ಲುಮೇವನ್ನೆಲ್ಲ ಟಿಪ್ಪು ಸುಲ್ತಾನನು ಮುಂಚಿತವಾಗಿಯೇ ನಾಶಪಡಿಸಿದ್ದನು. ಆದುದರಿಂದ ದಂಡು ಕನಕಪುರದ ಕಡೆಯ ಕಾಡುಗುಡ್ಡಗಳ ದುರ್ಗಮವಾದ ದಾರಿಯನ್ನು ಹಿಡಿಯಬೇಕಾಯಿತು. ಕೋಟೆಯ ಗೋಡೆಯನ್ನು ಒಡೆಯಲೆಂದು ತಂದಿದ್ದ ದೊಡ್ಡ ಫಿರಂಗಿಗಳನ್ನು ಎಳೆಯುವುದಕ್ಕೆ ಎತ್ತುಗಳೇ ಗತಿ. ಹೊಟ್ಟೆಗಿಲ್ಲದ ಎತ್ತು ಎಷ್ಟು ದೂರ ಎಳೆದೀತು? ಮೇ ೧೩ರಂದು ಅರಕೆರೆಯ ಬಳಿ ಹೊಳೆಯ ದಡವನ್ನು ಮುಟ್ಟುವಷ್ಟರಲ್ಲಿ ಅವು ಸೋತುಹೋಗಿದ್ದವು. ಅಲ್ಲಿ ದಾಟಬೇಕೆಂದರೆ ಹೊಳೆ ದಾರಿ ಕೊಡಲಿಲ್ಲ. ಎರಡು ದಿನದ ಮೇಲೆ ನಡೆದ ಕಾಳಗದಲ್ಲಿ ಟಿಪ್ಪುವಿನ ಸೈನ್ಯ ಹಿಂದೆಗೆದು ದ್ವೀಪವನ್ನು ಸೇರಿಕೊಂಡಿತು. ಗೆದ್ದವನು ಕಾರ್ನ್‌ವಾಲಿಸನೇ ನಿಜ. ಆದರೆ ಗೆದ್ದವನಿಗೆ ಅನ್ನವಿರಲಿಲ್ಲ.

ಕೊಡಗಿನ ಕಡೆಯಿಂದ ಬಂದು ಪಿರಿಯಾಪಟ್ಟಣದ ಬಳಿ ನಿಂತಿದ್ದ ಮುಂಬಯಿಯ ಸೇನೆಯನ್ನು ಕೂಡಿಕೊಳ್ಳುವ ಆಸೆಯಿಂದ ಅವನು ಹೊಳೆಯ ಉತ್ತರದ ದಡದಲ್ಲಿಯೇ ಮೇಲಕ್ಕೆ ಸಾಗಿ ಕಣ್ಣಂಬಾಡಿಯಲ್ಲಿ ಬಿಡಾರ ಮಾಡಿದನು. ಮುಂಗಾರು ಆ ವರ್ಷ ಬೇಗನೆ ಹಿಡಿದಿತ್ತು. ಡೇರೆಗಳು ತೊಯ್ದವು. ಬಿಡಾರದಲ್ಲಿ ಸಿಡುಬು ಎದ್ದಿತು. ಅಕ್ಕಿ ಮುಗಿಯುತ್ತ ಬಂದು, ದಂಡಿನ ಹಿಂದೆ ಬಂದಿದ್ದ ಬಡವರು ಸತ್ತ ಎತ್ತುಗಳ ಮಾಂಸವನ್ನು ತಿಂದು ಜೀವ ಹಿಡಿದುಕೊಂಡರು. ಟಿಪ್ಪುವಿನ ಕುದುರೆ ಸವಾರರು ಸುತ್ತಲೂ ಹರಡಿಕೊಂಡಿದ್ದುದರಿಂದ ಹೊರಗಿನ ಸುದ್ದಿಯೊಂದೂ ಒಳಗೆ ಬರುತ್ತಿರಲಿಲ್ಲ. ಕೊನೆಗೆ ಕಾರ್ನ್‌ವಾಲಿಸನು ಅಷ್ಟು ಕಷ್ಟದಿಂದ ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ, ಹಿಂದಿರುಗಲು ಅಪ್ಪಣೆ ಮಾಡಿದನು. ದಂಡು ತೆರಳಿದ ಮೇಲೆ ಆ ಬಯಲಿನಲ್ಲಿ ಉಳಿದದ್ದು ಎತ್ತು ಕುದುರೆಗಳ ಹೆಣಗಳು, ಸುಟ್ಟ ಗಾಡಿಗಳು. ಕೋಟೆಯ ಗೋಡೆಗೆ ಒಂದು ಗುಂಡೂ ತಗುಲಿರಲಿಲ್ಲ. ಮುಂದೆ ೧೯೧೧ರಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಆರಂಭವಾಗಿ, ನೀರು ನಿಂತಾಗ ಹಳೆಯ ಕಣ್ಣಂಬಾಡಿಯೂ ಅದರಲ್ಲಿ ಮುಳುಗಿತು. ಈಗ ಅಲ್ಲಿ ಬಿಡಾರವನ್ನು ಹುಡುಕುವವರಿಗೆ ನೀರು ಮಾತ್ರ ಕಾಣುತ್ತದೆ.

ಇತಿಹಾಸದ ಪುಸ್ತಕಗಳು ಸೇನಾಪತಿಗಳ ಹೆಸರನ್ನು ಹೇಳುವ ಉತ್ಸಾಹದಿಂದ ಎತ್ತುಗಳ ಕಥೆಯನ್ನು ಹೇಳುವುದಿಲ್ಲ. ಮೈಸೂರಿನ ಅರಸರಿಗೆ ಮಾತ್ರ ಅವುಗಳ ಬೆಲೆ ಚೆನ್ನಾಗಿ ತಿಳಿದಿತ್ತು. ಚಿಕ್ಕದೇವರಾಜ ಒಡೆಯರು ರಾಜ್ಯದ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಪ್ರತ್ಯೇಕ ಇಲಾಖೆಯನ್ನು ಏರ್ಪಡಿಸಿದ್ದರು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಮೈಸೂರಿನ ದಂಡು ಶತ್ರುಗಳು ಬೆರಗಾಗುವಷ್ಟು ಬೇಗ ದಾರಿ ಸವೆಸುತ್ತಿದ್ದುದಕ್ಕೆ ಈ ತಳಿಯ ಎತ್ತುಗಳ ಚುರುಕು ನಡಿಗೆಯೇ ಮುಖ್ಯ ಕಾರಣವಾಗಿತ್ತು.

ಕಣ್ಣಂಬಾಡಿಯಿಂದ ಹಿಂದಿರುಗುತ್ತಿದ್ದ ದಂಡಿಗೆ ದಾರಿಯಲ್ಲಿ ಒಂದು ಆಶ್ಚರ್ಯ ಕಾದಿತ್ತು. ಹರಿಪಂತ ಮತ್ತು ಪರಶುರಾಮ ಭಾವು ಎಂಬ ಮರಾಠ ಸರದಾರರ ಸೈನ್ಯ ಎದುರಿಗೆ ಬಂದು ಕೂಡಿಕೊಂಡಿತು. ಅವರು ಇಂಗ್ಲಿಷರ ಮಿತ್ರರಾಗಿದ್ದರು. ಕೆಲವು ದಿನ ಮೊದಲೇ ಬಂದಿದ್ದರೆ ಫಿರಂಗಿಗಳನ್ನು ಒಡೆಯಬೇಕಾಗಿರಲಿಲ್ಲ. ಮರಾಠರ ಬಿಡಾರದ ಒಳಗೆ ಒಂದು ಪೇಟೆಯೇ ಇತ್ತು. ಹಸಿದು ಬಂದ ಇಂಗ್ಲಿಷ್ ದಂಡಿನವರಿಗೆ ಅಲ್ಲಿ ಧಾನ್ಯ ದೊರೆಯಿತು. ಬೆಲೆ ಮಾತ್ರ ವಿಪರೀತ. ಧಾನ್ಯವಷ್ಟೇ ಅಲ್ಲ, ಇಂಗ್ಲೆಂಡಿನ ಉಣ್ಣೆಯ ಬಟ್ಟೆ, ಸಣ್ಣ ಚಾಕು, ಕಾಶ್ಮೀರದ ಶಾಲು, ಉತ್ತಮವಾದ ವಜ್ರ, ಇವೆಲ್ಲದರ ಜೊತೆಗೆ ಯಾವುದೋ ಹಳ್ಳಿಯ ಬಡ ಹೆಣ್ಣುಮಗಳ ಕಿವಿಯಿಂದ ಕಿತ್ತುತಂದ ಬೆಳ್ಳಿಯ ಓಲೆಯೂ ಅಲ್ಲಿ ಮಾರಾಟಕ್ಕಿದ್ದವೆಂದು ಆ ಕಾಲದ ಚರಿತ್ರೆಯನ್ನು ಬರೆದ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ವರ್ಣಿಸಿದ್ದಾನೆ. ಆ ಓಲೆಯ ಮಾತು ಮರೆಯತಕ್ಕದ್ದಲ್ಲ. ದಂಡುಗಳು ಬಿಡಾರ ಮಾಡಿದ ಕಡೆಯಲ್ಲೆಲ್ಲ ಸುತ್ತಲಿನ ಹಳ್ಳಿಗಳು ಅದರ ವೆಚ್ಚವನ್ನು ತೆತ್ತಿವೆ. ಎರಡು ಕಡೆಯ ದಂಡೂ ಬೆಳೆಯನ್ನು ಕೊಯ್ದುಕೊಂಡಿತು, ಹುಲ್ಲನ್ನು ಸುಟ್ಟಿತು, ಬಾವಿಯನ್ನು ಕೆಡಿಸಿತು. ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಲ್ಲಿ ಎರಡು ಬೆಟ್ಟಗಳ ನಡುವೆ ಏರಿ ಕಟ್ಟಿದ ಪುರಾತನವಾದ ದೊಡ್ಡ ಕೆರೆಯಿದೆ. ಅದರ ನೀರಿನ ತಿಳಿಯನ್ನು ಕಂಡು ನಾಸಿರ್ ಜಂಗನು ‘ಮೋತಿ ತಲಾಬ್’, ಎಂದರೆ ಮುತ್ತಿನ ಕೆರೆ, ಎಂದು ಕರೆದನಂತೆ. ಶತ್ರುವಿನ ಬಿಡಾರಕ್ಕೆ ನೀರು ಒದಗಬಾರದೆಂದು ಟಿಪ್ಪು ಈ ಕೆರೆಯ ಏರಿಯನ್ನೇ ಒಡೆಸಿದನೆಂದು ಹೇಳುತ್ತಾರೆ. ಏರಿಯನ್ನು ಮತ್ತೆ ಕಟ್ಟಿದರು. ಕೆರೆ ಇಂದಿಗೂ ಇದೆ. ಆದರೆ ಕೆರೆ ಬರಿದಾಗಿದ್ದಷ್ಟು ಕಾಲ ಅದರ ಕೆಳಗಿನ ಗದ್ದೆಗಳ ಒಕ್ಕಲುಗಳು ಏನನ್ನು ಉಂಡರೆಂಬುದನ್ನು ಯಾವ ಚರಿತ್ರೆಕಾರನೂ ಬರೆದಿಟ್ಟಿಲ್ಲ.

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಬಳಿ ಬಿಡಾರ ಮಾಡಿಕೊಂಡಿದ್ದುದರಿಂದ ಇಂಗ್ಲಿಷರು ಆ ಊರನ್ನು ‘ಫ್ರೆಂಚ್ ರಾಕ್ಸ್’ ಎಂದರು. ಡೇರೆಗಳನ್ನು ಕಿತ್ತು ನೂರು ವರ್ಷ ಕಳೆದ ಮೇಲೂ ಆ ಹೆಸರು ಉಳಿದೇ ಇತ್ತು. ಬಿಡಾರವು ಊರಿಗೆ ಹೆಸರು ಕೊಡುವುದು ಕನ್ನಡನಾಡಿನಲ್ಲಿ ಹೊಸದೇನೂ ಅಲ್ಲ. ಪಾಳೆಯವೆಂದರೆ ಬಿಡಾರ. ‘ಪಾಳ್ಯ’ ಎಂದು ಕೊನೆಯಾಗುವ ನಮ್ಮ ಊರುಗಳ ಹೆಸರಿನಲ್ಲಿ ಅಡಗಿರುವುದು ಇದೇ ಮಾತು.

೧೭೯೨ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನು ಎರಡನೆಯ ಸಲ ಬಂದಾಗ ಇಳಿದುಕೊಂಡದ್ದು ಈ ಹಿರೋಡೆಯ ಬಳಿಯಲ್ಲಿಯೇ. ಹಿಂದಿನ ವರ್ಷದ ಪೆಟ್ಟು ಅವನಿಗೆ ಚೆನ್ನಾಗಿ ಬುದ್ಧಿ ಕಲಿಸಿತ್ತು. ಮಳೆಗಾಲಕ್ಕೆ ನಾಲ್ಕು ತಿಂಗಳಿರುವಾಗಲೇ ಬಂದನು. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಊರಿಂದೂರಿಗೆ ಸಾಗುವ ಲಂಬಾಣಿಗರನ್ನು ಒಲಿಸಿಕೊಂಡು, ಬಿಡಾರಕ್ಕೆ ತಪ್ಪದೆ ಅಕ್ಕಿ ಬರುವಂತೆ ಏರ್ಪಾಡು ಮಾಡಿಕೊಂಡನು. ಟಿಪ್ಪುವಿನ ಸೈನ್ಯವೂ ಆಗ ಹೊಳೆಯ ಉತ್ತರಕ್ಕೆ, ಮುಳ್ಳುಬೇಲಿಯ ಒಳಗೆ ಬಿಡಾರ ಮಾಡಿತ್ತು. ಫೆಬ್ರವರಿ ೬ರ ರಾತ್ರಿ ಇಂಗ್ಲಿಷರು ಆ ಬಿಡಾರದ ಮೇಲೆ ಬಿದ್ದು, ಕೆಲವರು ಹೊಳೆ ದಾಟಿ ದ್ವೀಪವನ್ನೂ ಸೇರಿದರು. ದ್ವೀಪದ ಪೂರ್ವಭಾಗದಲ್ಲಿ ಲಾಲ್‌ಬಾಗ್ ಎಂಬ ಸುಂದರವಾದ ತೋಟವಿತ್ತು. ಮುತ್ತಿಗೆಯ ಒಡ್ಡುಗಳಿಗೆ ಬೇಕಾದ ಬುಟ್ಟಿಗಳನ್ನೂ ಕಟ್ಟಿಗೆಯ ಹೊರೆಗಳನ್ನೂ ಮಾಡಲು ಅದರ ಸೈಪ್ರಸ್ ಮರಗಳನ್ನು ಕಡಿದುಹಾಕಿದರು. ಹೈದರನ ಗೋರಿ ಈ ತೋಟದಲ್ಲಿಯೇ ಇರುವುದರಿಂದ ಮಗನಿಗೆ ಆ ಕೊಡಲಿಯ ಪೆಟ್ಟು ಎಷ್ಟು ನೊಂದಿರಬಹುದೆಂದು ಊಹಿಸಬಹುದು. ಮಾರ್ಚಿಯಲ್ಲಿ ಆದ ಒಪ್ಪಂದದಿಂದ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟನು.

೧೭೯೯ರ ಕಥೆ ಎಲ್ಲರೂ ಬಲ್ಲದ್ದು. ಬಿಡಾರದ ದೃಷ್ಟಿಯಿಂದ ಮಾತ್ರ ಅಷ್ಟಾಗಿ ಯಾರೂ ನೋಡಿದ್ದಲ್ಲ. ಜನರಲ್ ಹ್ಯಾರಿಸನ ದಂಡಿನಲ್ಲಿ ಹೈದರಾಬಾದಿನ ನಿಜಾಮನ ಸೈನ್ಯವೂ ಸೇರಿತ್ತು. ಲಕ್ಷದ ಲೆಕ್ಕದಲ್ಲಿ ಎತ್ತುಗಳಿದ್ದವು. ದಂಡು ಎಂಬುದಕ್ಕಿಂತ ನಡೆದಾಡುವ ಊರು ಎಂದರೆ ಸರಿಹೋದೀತು. ಮಾರ್ಚ್ ೨೭ರಂದು ಮಳವಳ್ಳಿಯ ಕಾಳಗ ಮುಗಿದ ಮೇಲೆ ಅರಕೆರೆಯ ದಾರಿಯಲ್ಲಿ ಮೇವಿಲ್ಲವೆಂದು ತಿಳಿದ ಹ್ಯಾರಿಸನು ಆ ದಾರಿಯನ್ನೇ ಬಿಟ್ಟು ಸೋಸಲೆಯ ಬಳಿ ಹೊಳೆ ದಾಟಿ ದಕ್ಷಿಣದ ದಡಕ್ಕೆ ಹೋದನು. ಟಿಪ್ಪು ಅದನ್ನು ನಿರೀಕ್ಷಿಸಿರಲಿಲ್ಲ. ಅಲ್ಲಿಯ ಹಳ್ಳಿಗಳಲ್ಲಿ ಹುಲ್ಲೂ ಧಾನ್ಯವೂ ಹಾಗೆಯೇ ಇದ್ದವು. ಏಪ್ರಿಲ್ ೫ರಂದು ಕೋಟೆಯ ಪಶ್ಚಿಮಕ್ಕೆ ಬಿಡಾರ ಬಿದ್ದಿತು.

ಹನ್ನೊಂದು ದಿನದ ಮೇಲೆ ಉಗ್ರಾಣದ ಅಕ್ಕಿಯನ್ನು ಅಳೆದು ನೋಡಿದರೆ, ಅರ್ಧ ಪಡಿಯಂತೆ ಕೊಟ್ಟರೂ ಹದಿನೆಂಟು ದಿನಕ್ಕೆ ಸಾಲುವಷ್ಟು ಮಾತ್ರ ಇತ್ತು. ಆ ಲೆಕ್ಕದಂತೆ ಮೇ ಮೊದಲ ವಾರಕ್ಕೆ ಅಕ್ಕಿ ತೀರಬೇಕು. ಮುಂಗಾರು ಹಿಡಿದರೆ ಹೊಳೆ ತುಂಬಿಬಿಡುತ್ತದೆ. ಆಗ ಕೋಟೆಯ ಗೋಡೆ ಒಡೆದಿದ್ದರೂ ಪ್ರಯೋಜನವಿಲ್ಲ. ಹ್ಯಾರಿಸನು ಒಬ್ಬ ಅಧಿಕಾರಿಗೆ ತನ್ನ ಡೇರೆಯ ಮುಂದೆ ಕಾವಲು ನಿಂತಿದ್ದ ಸಿಪಾಯಿಯನ್ನು ತೋರಿಸಿ, ಹಸಿವಿನಿಂದ ಬಡಕಲಾದ ಅವನನ್ನು ಯಾರಾದರೂ ನೂಕಿದರೆ ಬಿದ್ದುಹೋಗುತ್ತಾನೆಂಬ ಅರ್ಥದ ಮಾತನ್ನಾಡಿದನೆಂದು ಬರೆದಿದ್ದಾರೆ. ಕೋಟೆಯ ಒಳಗೂ ದಿನಗಳನ್ನು ಎಣಿಸುತ್ತಿದ್ದರು, ಹೊರಗೂ ಎಣಿಸುತ್ತಿದ್ದರು. ಒಳಗಿನವರಿಗೆ ಮಳೆ ಬೇಗ ಬರಬೇಕಾಗಿತ್ತು, ಹೊರಗಿನವರಿಗೆ ತಡವಾಗಬೇಕಾಗಿತ್ತು. ಮೇ ೪ರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವ ಹೊತ್ತಿನಲ್ಲಿ, ಬಂಡೆಗಳ ನಡುವೆ ಹರಿಯುತ್ತಿದ್ದ ತೆಳುವಾದ ನೀರನ್ನು ದಾಟಿ ದಂಡು ಗೋಡೆಯ ಬಿರುಕಿಗೆ ನುಗ್ಗಿತು. ಆ ಸಂಜೆಯೊಳಗೆ ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದಿದ್ದನು. ಅಂದು ಹೊಳೆಯಲ್ಲಿ ಆಳೆತ್ತರದ ನೀರಿದ್ದಿದ್ದರೆ ಮೈಸೂರಿನ ಚರಿತ್ರೆ ಬೇರೆಯಾಗುತ್ತಿತ್ತೋ ಏನೋ.

ಗೆದ್ದವರು ಕೋಟೆಯೊಳಗೆ ಠಾಣ್ಯ ಹಾಕಿದರು. ಮತ್ತೊಂದು ಶತ್ರು ಅವರನ್ನು ಅಲ್ಲಿಯೇ ಹಿಡಿದುಕೊಂಡಿತು. ಹೊಳೆಯ ಮಡುಗಳಲ್ಲಿ, ಕಂದಕದ ನಿಂತ ನೀರಿನಲ್ಲಿ, ನಾಲೆಯ ಬದಿಯ ಕೆಸರಿನಲ್ಲಿ ಹುಟ್ಟುವ ಸೊಳ್ಳೆಗಳನ್ನು ಆಗ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಚಳಿಜ್ವರ ಕೆಟ್ಟ ಗಾಳಿಯಿಂದ ಬರುತ್ತದೆಂದೇ ಅಂದಿನ ವೈದ್ಯರ ನಂಬಿಕೆ. ಸಿಪಾಯಿಗಳು ಜ್ವರದಿಂದ ನರಳಿದರು, ಸತ್ತರು. ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಡ ಮ್ಯೂರೋನ್ ದಳದವರ ಗೋರಿಗಳನ್ನು ಶ್ರೀರಂಗಪಟ್ಟಣದ ಹಳೆಯ ಸ್ಮಶಾನದಲ್ಲಿ ಇಂದಿಗೂ ನೋಡಬಹುದು. ಕೊನೆಗೆ ೧೮೦೯ರಲ್ಲಿ ಇಂಗ್ಲಿಷರು ತಮ್ಮ ಸೈನ್ಯದ ಮುಖ್ಯ ಠಾಣ್ಯವನ್ನು ಬೆಂಗಳೂರಿನ ಎತ್ತರದ ಬಯಲಿಗೆ ಸಾಗಿಸಿದರು. ಬೆಂಗಳೂರಿನ ‘ದಂಡು’ ಪ್ರದೇಶ ಹುಟ್ಟಿದ್ದು ಹೀಗೆ. ಜ್ವರವನ್ನು ಹರಡುವುದು ಸೊಳ್ಳೆಯೆಂಬುದನ್ನು ರೊನಾಲ್ಡ್ ರಾಸ್ ಎಂಬ ವೈದ್ಯನು ಸಿಕಂದರಾಬಾದಿನಲ್ಲಿ ಕಂಡುಹಿಡಿಯುವ ಹೊತ್ತಿಗೆ ೧೮೯೭ನೆಯ ಇಸವಿ ಬಂದಿತ್ತು. ಫಿರಂಗಿಗೆ ಬಗ್ಗಿದ ಕೋಟೆ ತನ್ನನ್ನು ಗೆದ್ದವರನ್ನು ಹತ್ತು ವರ್ಷಗಳಲ್ಲಿ ಹೊರಗೆ ಕಳುಹಿಸಿತೆಂದು ಹೇಳಿದರೆ ತಪ್ಪಾಗದು.

ಇಷ್ಟೆಲ್ಲ ಓದಿದವರಿಗೆ ಹೊಳೆಯ ದಂಡೆಯಲ್ಲಿ ಬಿಡಾರ ಮಾಡುವುದೇ ಅಪಾಯವೆನ್ನಿಸಬಹುದು. ಹಾಗೇನೂ ಇಲ್ಲ. ಸುತ್ತಲಿನ ಒಕ್ಕಲು ಮಕ್ಕಳು ಇದನ್ನು ಯಾವ ಸೇನಾಪತಿಗಿಂತಲೂ ಚೆನ್ನಾಗಿ ಬಲ್ಲರು. ಹಿಂದೆ ಅತ್ತಿಕುಪ್ಪೆಯೆಂಬ ಹೆಸರಿದ್ದ ಕೃಷ್ಣರಾಜಪೇಟೆಯ ತಾಲ್ಲೂಕಿನಲ್ಲಿ, ಹೇಮಾವತಿಯ ದಡದ ಹೇಮಗಿರಿಯಲ್ಲಿ ನಡೆಯುವ ದನಗಳ ಜಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಜಾತ್ರೆ ನೆರೆಯುವುದು ಸುಗ್ಗಿ ಮುಗಿದು, ಕಣದ ಕೆಲಸ ತೀರಿ, ಹೊಳೆ ಇಳಿದಿರುವ ಚಳಿಗಾಲದ ಕೊನೆಯಲ್ಲಿ. ಬಿಡಾರಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹಳ್ಳಿಕಾರ್ ತಳಿಯ ಜೋಡಿಗಳನ್ನು ಹೊಡೆದುಕೊಂಡು ಬರುವ ರೈತರು ಹುಲ್ಲನ್ನು ಗಾಡಿಯಲ್ಲಿ ಮನೆಯಿಂದಲೇ ಹೇರಿಕೊಂಡು ಬರುತ್ತಾರೆ. ಹೋದ ಊರಿನ ಮೇವನ್ನು ನಂಬುವುದಿಲ್ಲ. ಗೂಟಗಳನ್ನು ಸಾಲಾಗಿ ನೆಟ್ಟು, ಎತ್ತುಗಳಿಗೆ ಬಿಸಿಲು ತಗುಲದಂತೆ ಚಪ್ಪರ ಹಾಕುತ್ತಾರೆ. ತಮಗೆ ಗಾಡಿಯ ಕೆಳಗಿನ ನೆರಳೇ ಸಾಕು. ಮೂರು ಕಲ್ಲು ಹೂಡಿದರೆ ಒಲೆಯಾಯಿತು, ಮಡಕೆಯಲ್ಲಿ ಎಸರಿಟ್ಟರೆ ಮುದ್ದೆಯಾಯಿತು. ದನಗಳು ನೀರಿಗೆ ಇಳಿಯುವ ಕಡೆಯಲ್ಲಿ ಕುಡಿಯುವ ನೀರನ್ನು ತುಂಬಿಕೊಳ್ಳಬಾರದು, ಅದಕ್ಕಿಂತ ಮೇಲಕ್ಕೆ ಹೋಗಿ ತುಂಬಿಕೊಳ್ಳಬೇಕೆಂಬುದನ್ನು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದೇ ತಿಳಿವಳಿಕೆಯನ್ನು ಹುಡುಗರಿಗೆ ಕಲಿಸಬೇಕೆಂದು ಹೊರಟವನು ಬೇಡನ್ ಪೊವೆಲ್ ಎಂಬ ಇಂಗ್ಲಿಷ್ ಸೇನಾಧಿಕಾರಿ. ದಕ್ಷಿಣ ಆಫ್ರಿಕದ ಮಾಫೆಕಿಂಗ್ ಎಂಬ ಊರಿನಲ್ಲಿ ೧೮೯೯ರಿಂದ ೧೯೦೦ರವರೆಗೆ ಇನ್ನೂರಕ್ಕೂ ಹೆಚ್ಚು ದಿನ ಮುತ್ತಿಗೆಯ ಒಳಗೆ ಸಿಕ್ಕಿಕೊಂಡಿದ್ದ ಅವನು, ಅಲ್ಲಿ ಸುದ್ದಿ ಒಯ್ಯುವ ಕೆಲಸವನ್ನು ಹುಡುಗರು ಧೈರ್ಯದಿಂದ ಮಾಡಿದ್ದನ್ನು ಕಂಡಿದ್ದನು. ೧೯೦೭ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಇಪ್ಪತ್ತು ಮಂದಿ ಹುಡುಗರನ್ನು ಕೂಡಿಸಿ ಶಿಬಿರ ನಡೆಸಿದನು. ಶ್ರೀಮಂತರ ಮಕ್ಕಳೂ ಕೂಲಿಯವರ ಮಕ್ಕಳೂ ಒಂದೇ ಡೇರೆಯಲ್ಲಿ ಮಲಗಿ ಒಂದೇ ಒಲೆಯ ಅಡುಗೆಯನ್ನು ಉಂಡರು. ಸ್ಕೌಟ್ ಚಳವಳಿ ಹುಟ್ಟಿದ್ದು ಅಲ್ಲಿ. ದಂಡಿನ ಬಿಡಾರದಲ್ಲಿ ಕಲಿತದ್ದನ್ನು ದಂಡಿನ ಕೆಲಸಕ್ಕಲ್ಲದೆ ಬಳಸಿದ ಅಪರೂಪದ ನಿದರ್ಶನ ಇದು.

ಶ್ರೀರಂಗಪಟ್ಟಣದ ಬಳಿ ಶಿಬಿರ ಹೂಡಬಯಸುವ ವಿದ್ಯಾರ್ಥಿಗಳು ಮೊದಲು ತಿಳಿಯಬೇಕಾದದ್ದು ಜಾಗದ ವಿಚಾರ. ೧೭೯೯ರಲ್ಲಿ ಗೋಡೆ ಒಡೆದ ಭಾಗವೂ ಅದರ ಬಳಿ ೧೯೦೭ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವೂ ಭಾರತದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ರಕ್ಷಿತ ಸ್ಮಾರಕದ ಒಳಗೆ ಒಲೆ ಹೂಡಿ ಅಡುಗೆ ಮಾಡುವುದಕ್ಕೆ ಕಾನೂನಿನ ಅಡ್ಡಿಯಿದೆ. ಆ ಅಡ್ಡಿ ಸರಿಯಾದದ್ದೇ. ಗಾರೆಯ ಗೋಡೆಗೆ ಹೊಗೆ ಹಿಡಿದರೆ, ಡೇರೆಯ ಗೂಟ ಬಡಿಯಲು ಒಂದೊಂದು ಕಲ್ಲನ್ನು ಕಿತ್ತರೆ, ಫಿರಂಗಿ ಕೆಡಹದೆ ಬಿಟ್ಟದ್ದನ್ನು ಪ್ರವಾಸಿಗರು ಕೆಡಹಿದಂತಾಗುತ್ತದೆ. ಕೋಟೆಯಿಂದ ದೂರದಲ್ಲಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಕೊಯ್ಲಾದ ಹೊಲದಲ್ಲೋ ಶಾಲೆಯ ಬಯಲಿನಲ್ಲೋ ಇಳಿದುಕೊಳ್ಳುವುದು ಯುಕ್ತ. ಕಕ್ಕಸಿನ ಗುಂಡಿಯನ್ನು ನೀರಿನಿಂದ ದೂರಕ್ಕೆ ತೋಡಬೇಕು. ನೀರನ್ನು ಕುದಿಸಿ ಕುಡಿಯಬೇಕು. ಸೊಳ್ಳೆಪರದೆ ಮರೆಯಬಾರದು, ಅದೊಂದು ಇದ್ದಿದ್ದರೆ ಹಳೆಯ ಸ್ಮಶಾನದಲ್ಲಿ ಗೋರಿಗಳು ಇಷ್ಟಿರುತ್ತಿರಲಿಲ್ಲ.

ಎರಡನೆಯದು ಹೊಳೆಯ ವಿಚಾರ. ಕಾರ್ನ್‌ವಾಲಿಸನ ಕಾಲದಲ್ಲಿ ಹೊಳೆ ಏರುವುದು ಮಳೆಯನ್ನು ಅನುಸರಿಸಿತ್ತು; ಮೋಡವನ್ನು ನೋಡಿ ತಿಳಿಯಬಹುದಾಗಿತ್ತು. ಈಗ ಮೇಲ್ಗಡೆ ಕೃಷ್ಣರಾಜಸಾಗರವಿದೆ. ಕಟ್ಟೆ ತುಂಬಿ ಬಾಗಿಲುಗಳನ್ನು ತೆರೆದರೆ ಶ್ರೀರಂಗಪಟ್ಟಣದಲ್ಲಿ ತಿಳಿಯಾದ ಆಕಾಶದ ಕೆಳಗೂ ನೀರು ಏರುತ್ತದೆ. ಬೆಳಿಗ್ಗೆ ಕಾಲು ನೆನೆಯದೆ ದಾಟಿ ಹೋಗಿ ಕುಳಿತ ಬಂಡೆ ಮಧ್ಯಾಹ್ನ ದ್ವೀಪವಾಗಿರುತ್ತದೆ. ಸಂಗಮದಲ್ಲಿ ಸ್ನಾನಕ್ಕಿಳಿದ ಹೊರಗಿನವರು ಪಾಚಿಯ ಮೇಲೆ ಕಾಲಿಟ್ಟು ಮಡುವಿಗೆ ಜಾರಿ ಪ್ರಾಣ ಕಳೆದುಕೊಂಡದ್ದುಂಟು. ನೀರು ಬಿಡುವ ಮೊದಲು ದಂಡೆಯ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ. ಆಗ ದಂಡೆಯ ಜನ ದನಗಳನ್ನು ಹೊಡೆದುಕೊಂಡು, ಒಗೆದ ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಅವಸರವಿಲ್ಲದೆ ಮೇಲಕ್ಕೆ ಹತ್ತಿ ಬರುತ್ತಾರೆ. ಶಿಬಿರದವರು ಡೇರೆಯ ಗೂಟ ಕೀಳಬೇಕಾದ ಹೊತ್ತು ಅದೇ.